ಯಣ್ ಸಂಧಿಯಲ್ಲಿ ಸಿಕ್ಕ ಕರಡಿ

ಮನು + ಅಂತರ = ಮನ್ವಂತರ. ಅತಿ + ಅಂತ = ಅತ್ಯಂತ. ಹೈಸ್ಕೂಲಿನಲ್ಲಿ ಉರು ಹೊಡೆದ ಈ ಯಣ್ ಸಂಧಿ ಪರೀಕ್ಷೆ ಮುಗಿದ ಮೇಲೆ ನನಗಂತೂ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಕೆಲಸಕ್ಕೆ ಬಂದದ್ದು 2021ರಲ್ಲಿ, ಟಿವಿಯಲ್ಲಿ ಟೆನಿಸ್ ನೋಡುವಾಗ. ಯುಎಸ್ ಓಪನ್ ಫೈನಲ್‌ನಲ್ಲಿ ಜೊಕೊವಿಚ್‌ನನ್ನು ಸೋಲಿಸಿದ ಹುಡುಗನ ಹೆಸರು ದಾನಿಲ್ ಮೆದ್ವೇದೆವ್. ನಮ್ಮ ಪತ್ರಿಕೆಗಳು ಮೆಡ್ವೆಡೆವ್ ಅಂತ ಬರೆಯುತ್ತವೆ. ಹೆಸರಿನ ಅರ್ಥ ಏನಿರಬಹುದು ಅಂತ ಸುಮ್ನೆ ಹುಡುಕಿದೆ. ರಷ್ಯನ್ನಿನಲ್ಲಿ ಮೆದ್ವೇದ್ ಅಂದರೆ ಕರಡಿ. ಮೆದ್ವೇದೆವ್ ಅಂದರೆ ಕರಡಿಯವರ ಮನೆಯವನು.

ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೆದ್ವೇದ್ ಅನ್ನುವುದನ್ನು ಬಿಡಿಸಿದರೆ ಎರಡು ತುಂಡು ಸಿಗುತ್ತವೆ: ಮೆದು ಮತ್ತು ಏದ್. ಮೆದು ಅಂದರೆ ಜೇನು, ನಮಗೆ ಗೊತ್ತಿರುವ ಮಧು. ಏದ್ ಅಂದರೆ ತಿನ್ನು. ಉಕಾರದ ಮುಂದೆ ಬೇರೆ ಸ್ವರ ಬಂದರೆ ವ್ ಆಗಬೇಕು, ಅಲ್ವಾ? ಮೆದು + ಏದ್ = ಮೆದ್ವೇದ್. ಜೇನು ತಿನ್ನುವವನು.

ಹಾಗಂತ ರಷ್ಯಾದವರು ಪಾಣಿನಿಯನ್ನು ಓದಿದ್ದರು ಅಂತಲ್ಲ. ಸಂಸ್ಕೃತದಿಂದಲೇ ರಷ್ಯನ್ ಹುಟ್ಟಿತು ಅನ್ನುವ ವಾಟ್ಸಾಪ್ ಕಥೆಯೂ ಇದಲ್ಲ. ಸಂಸ್ಕೃತ ಮತ್ತು ರಷ್ಯನ್ ಸೇರಿರುವ ಸ್ಲಾವ್ ಭಾಷೆಗಳು ದಾಯಾದಿಗಳು. ಇಬ್ಬರಿಗೂ ಹಿಂದೆ ಒಬ್ಬನೇ ತಾತ ಇದ್ದ. ಅವನಿಗೆ ಮೂಲ ಇಂಡೋ-ಯುರೋಪಿಯನ್ ಅಂತ ಹೆಸರಿಟ್ಟಿದ್ದಾರೆ. ಉಕಾರವನ್ನು ಸ್ವರದ ಮುಂದೆ ವ್ ಮಾಡುವ ಅಭ್ಯಾಸ ತಾತನ ಕಾಲದ್ದು. ಮೊಮ್ಮಕ್ಕಳಿಗೆ ಅದು ಬಂದಿದೆ, ಅಷ್ಟೇ.

ಸಂಸ್ಕೃತದಲ್ಲೂ ಇದೇ ಎರಡು ತುಂಡು ಸೇರಿಸಿದ ಪದ ಇದೆ. ಮಧು + ಅದ್ = ಮಧ್ವದ್. ಅದ್ ಅಂದರೆ ತಿನ್ನು. ನಾವು ದಿನಾ ತಟ್ಟೆಗೆ ಹಾಕಿಕೊಳ್ಳುವ ಅನ್ನ ಹುಟ್ಟಿದ್ದು ಇದೇ ಧಾತುವಿನಿಂದ: ತಿಂದದ್ದು ಅಥವಾ ತಿನ್ನುವಂಥದ್ದು. ಋಗ್ವೇದದ ಮೊದಲ ಮಂಡಲದಲ್ಲಿ ಒಂದು ಮರದ ಮೇಲೆ ಕೂರುವ ಹಕ್ಕಿಗಳನ್ನು ‘ಮಧ್ವದಃ ಸುಪರ್ಣಾಃ’ ಅನ್ನುತ್ತಾರೆ, ಸಿಹಿ ತಿನ್ನುವ ಹಕ್ಕಿಗಳು. ಕಠೋಪನಿಷತ್ತಿನಲ್ಲಿ ಒಳಗಿರುವ ಜೀವವನ್ನೇ ಮಧ್ವದ ಅಂದಿದ್ದಾರೆ. ಒಂದೇ ಸಾಮಾನಿನಿಂದ ಇಲ್ಲಿ ಜೀವಾತ್ಮ ಆಯಿತು, ಅಲ್ಲಿ ಕರಡಿ ಆಯಿತು. ತಾತನ ಕಾಲದಲ್ಲೇ ಈ ಸಮಾಸ ತಯಾರಾಗಿತ್ತು ಅಂತ ಇದರಿಂದ ಹೇಳಲಾಗದು. ಇಬ್ಬರೂ ಬೇರೆ ಬೇರೆಯಾಗಿ ಕಟ್ಟಿಕೊಂಡಿರಬಹುದು. ಹಿಟ್ಟು ಒಂದೇ, ರೊಟ್ಟಿ ಬೇರೆ.

ಈಗ ಸ್ವಲ್ಪ ಹಿಂದೆ ಹೋಗೋಣ. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಎಲ್ಲ ಒಂದೇ ಭಾಷೆಯಿಂದ ಕವಲೊಡೆದವು. ಆ ಭಾಷೆಗೆ ಮೂಲ ಸ್ಲಾವಿಕ್ ಅನ್ನುತ್ತಾರೆ. ಅದರಲ್ಲಿ ಬರೆದ ಒಂದು ಸಾಲೂ ಉಳಿದಿಲ್ಲ. ಸ್ಲಾವ್ ಮಾತು ಅಕ್ಷರಕ್ಕೆ ಬಂದದ್ದು 9ನೇ ಶತಮಾನದಲ್ಲಿ. 863ರ ಸುಮಾರಿಗೆ ಸಿರಿಲ್ ಮತ್ತು ಮೆಥೋಡಿಯಸ್ ಅನ್ನುವ ಅಣ್ಣತಮ್ಮಂದಿರು ಈಗಿನ ಚೆಕ್ ದೇಶದ ಕಡೆಯ ಮೊರಾವಿಯಾಕ್ಕೆ ಧರ್ಮಪ್ರಚಾರಕ್ಕೆ ಹೋದರು, ಅದಕ್ಕಾಗಿ ಲಿಪಿ ಮಾಡಿಕೊಂಡರು. ಹಲ್ಮಿಡಿ ಶಾಸನ ಸುಮಾರು 450ರದ್ದು ಅಂತ ನೆನಪಿಸಿಕೊಂಡರೆ, ಕನ್ನಡ ಕಲ್ಲಿನ ಮೇಲೆ ಬಂದು 400 ವರ್ಷ ಆದ ಮೇಲಿನ ಮಾತು ಇದು. ಆ ಹೊತ್ತಿಗೆ ಸ್ಲಾವ್ ಜನ ಬಾಲ್ಕನ್ನಿನಿಂದ ಬಾಲ್ಟಿಕ್ ಸಮುದ್ರದವರೆಗೆ ಹರಡಿದ್ದರು, ಮಾತೂ ಒಡೆಯಲು ಶುರುವಾಗಿತ್ತು.

ಬರೆದಿಟ್ಟಿಲ್ಲದ ಭಾಷೆಯ ಪದ ಗೊತ್ತಾಗುವುದು ಹೇಗೆ? ನಮ್ಮ ಹಾಲಿನ ಉದಾಹರಣೆ ತಗೊಳ್ಳಿ. ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು, ಮಲಯಾಳದಲ್ಲಿ ಪಾಲ್, ಕನ್ನಡದಲ್ಲಿ ಮಾತ್ರ ಹಾಲು. ಪುಟ್ಟು ಮತ್ತು ಹುಟ್ಟು, ಪೋ ಮತ್ತು ಹೋಗು, ಹೀಗೆ ಪಕಾರ ಹಕಾರ ಆಗಿರುವುದು ಒಂದೆರಡು ಪದದಲ್ಲಲ್ಲ, ಸಾಲುಸಾಲಾಗಿ. ಹಾಗಾಗಿ ಮೂಲ ದ್ರಾವಿಡದಲ್ಲಿ *ಪಾಲ್ ಇತ್ತು ಅನ್ನಬಹುದು. ಹಳಗನ್ನಡ ತೆರೆದು ನೋಡಿದರೆ ಅಲ್ಲೂ ಪಾಲ್ ಅಂತಲೇ ಇದೆ. ಲೆಕ್ಕ ತಾಳೆಯಾಯಿತು. ಪದದ ಹಿಂದಿನ ಆ ಪುಟ್ಟ ನಕ್ಷತ್ರ ಒಂದು ಎಚ್ಚರಿಕೆ: ಇದನ್ನು ಯಾರೂ ಬರೆದದ್ದು ಸಿಕ್ಕಿಲ್ಲ, ಲೆಕ್ಕ ಹಾಕಿ ತೆಗೆದದ್ದು. ಈ ನಕ್ಷತ್ರದ ಪದ್ಧತಿಯನ್ನು ಬಳಕೆಗೆ ತಂದವನು 19ನೇ ಶತಮಾನದ ಜರ್ಮನ್ ವಿದ್ವಾಂಸ ಔಗುಸ್ಟ್ ಶ್ಲೈಷರ್.

ಹಾಗೆ ಲೆಕ್ಕ ಹಾಕಿ ತೆಗೆದ ಮೂಲ ಸ್ಲಾವಿಕ್ ಕರಡಿ *ಮೆದ್ವೇದಿ. ಕೊನೆಯ ಇಕಾರ ತುಂಬ ಗಿಡ್ಡದು, ಅರೆಬರೆ ಬಾಯಿಗೆ ಬರುವಂಥದ್ದು. ನಾವು ‘ಹುಡುಗರು’ ಅಂತ ಬರೆದು ‘ಹುಡುಗ್ರು’ ಅನ್ನುತ್ತೇವಲ್ಲ, ಅಂಥ ಗಿಡ್ಡ ಸ್ವರಗಳು ಸ್ಲಾವ್ ಭಾಷೆಗಳಲ್ಲಿ 10ನೇ ಶತಮಾನದಿಂದ ಈಚೆಗೆ ಒಂದೊಂದೇ ಬಿದ್ದುಹೋದವು. ರಷ್ಯನ್ನಿನಲ್ಲಿ ಆ ಇಕಾರ ಹೋಗಿ ಮೆತ್ತಗಿನ ಮೆದ್ವೇದ್ ಉಳಿಯಿತು. ಬರೆಯುವಾಗ ಮಾತ್ರ ಕೊನೆಯಲ್ಲಿ ಒಂದು ಅಕ್ಷರ ಈಗಲೂ ಹಾಕುತ್ತಾರೆ. ಅದಕ್ಕೆ ಸ್ವಂತ ದನಿ ಇಲ್ಲ. ಹಿಂದಿನ ವ್ಯಂಜನವನ್ನು ಮೆತ್ತಗೆ ಮಾಡುವುದಷ್ಟೇ ಅದರ ಕೆಲಸ. ಬಿದ್ದುಹೋದ ಇಕಾರದ ಗೋರಿ ಅದು ಅಂದರೂ ನಡೆಯುತ್ತದೆ.

ಚೆಕ್ ಮತ್ತು ಸ್ಲೊವೇನಿಯನ್ ಭಾಷೆಗಳಲ್ಲಿ ಪದ ಹೆಚ್ಚು ಬದಲಾಗಲಿಲ್ಲ: ಮೆದ್ವ್ಯೆದ್, ಮೆದ್ವೆದ್. ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್ ಊರಿನ ಬೆನ್ನಿಗೆ ನಿಂತ ಬೆಟ್ಟಕ್ಕೆ ಮೆದ್ವೆದ್ನಿತ್ಸಾ ಅಂತ ಹೆಸರು. ಕರಡಿಬೆಟ್ಟ ಅನ್ನಿ. ಅದರ ಮೇಲೊಂದು ಹಳೇ ಕೋಟೆ, ಮೆದ್ವೆದ್‌ಗ್ರಾದ್.

ಉಕ್ರೇನಿಯನ್ನಿಗೆ ಬಂದರೆ ಪದ ತಲೆಕೆಳಗಾಗಿದೆ. ಅಲ್ಲಿ ಕರಡಿಗೆ ವೆದ್ಮೀದ್. ಮೂಲದ ಆ ಏಕಾರ ಉಕ್ರೇನಿಯನ್ನಿನಲ್ಲಿ ಇಕಾರ ಆಗುವುದು ಮಾಮೂಲಿ. ರಷ್ಯನ್ನಿನ ಖ್ಲೇಬ್ (ಬ್ರೆಡ್) ಅಲ್ಲಿ ಖ್ಲೀಬ್. ಹಾಗೆ ಮೆದ್ವೀದ್ ಆಯಿತು. ಆಮೇಲೆ ಮ ಮತ್ತು ವ ಜಾಗ ಬದಲಾಯಿಸಿಕೊಂಡವು. ವಾರಣಾಸಿ ಬನಾರಸ್ ಆದಾಗ ರ ಮತ್ತು ಣ ಸೀಟು ಬದಲಾಯಿಸಿಕೊಂಡ ಹಾಗೆ.

ಪೋಲೆಂಡಿನಲ್ಲಿ ಆದದ್ದು ಇನ್ನೂ ಮಜಾ. ಅಲ್ಲಿ ಕರಡಿ ನ್ಯೆಜ್ವ್ಯೆಚ್. ನೋಡಿದರೆ ಮೆದ್ವೇದಿಗೂ ಇದಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ಒಂದೊಂದೇ ಬಿಡಿಸೋಣ. ದಕಾರದ ಪಕ್ಕ ಇ, ಎ ಥರದ ಸ್ವರ ಬಂದರೆ ಪೋಲಿಷ್ ನಾಲಿಗೆ ಅದನ್ನು ಜಕಾರದ ಕಡೆ ಎಳೆಯುತ್ತದೆ. ನಮಗೆ ಇದು ಹೊಸದಲ್ಲ. ಸಂಧ್ಯಾ ಹೋಗಿ ಸಂಜೆ ಆಗಿದೆ, ವಿದ್ಯೆ ಹಳಗನ್ನಡದಲ್ಲಿ ಬಿಜ್ಜೆ ಆಗಿದೆ. ಕೊನೆಯ ಗಿಡ್ಡ ಸ್ವರ ಬಿದ್ದು, ಅದರ ಹಿಂದಿದ್ದ ಜ ಪದದ ಕೊನೆಯಲ್ಲಿ ಚ ಥರ ಕೇಳಿಸತೊಡಗಿತು. ಉಳಿದದ್ದು ಮೊದಲ ನ. ಮಕಾರಕ್ಕೂ ವಕಾರಕ್ಕೂ ತುಟಿ ಬೇಕು. ಒಂದೇ ಪದದಲ್ಲಿ ಎರಡು ಸಲ ತುಟಿಗೆ ಕೆಲಸ ಯಾಕೆ ಅಂತ ಮೊದಲನೆಯದನ್ನು ನಾಲಿಗೆಗೆ ಕೊಟ್ಟುಬಿಟ್ಟರು. ಚೆಕ್ ಆಡುಮಾತಿನಲ್ಲೂ ಕೆಲವು ಕಡೆ ಹೀಗಾಗಿದೆ. ಫುಟ್‌ಬಾಲ್ ನೋಡುವವರಿಗೆ ಪಾವೆಲ್ ನೆದ್ವೆದ್ ನೆನಪಿರಬೇಕು. ಆ ನೆದ್ವೆದ್ ಅಂದರೆ ಕರಡಿಯೇ. ಟೆನಿಸ್‌ನ ಮೆದ್ವೇದೆವ್‌ಗೂ ಫುಟ್‌ಬಾಲ್‌ನ ನೆದ್ವೆದ್‌ಗೂ ಮನೆ ಹೆಸರು ಒಂದೇ ಅಂದಂತಾಯಿತು.

ಇದುವರೆಗೆ ಹೇಳಿದ್ದು ಮೂಲ ಸ್ಲಾವಿಕ್‌ನ ಮಕ್ಕಳ ಕಥೆ. ನನಗೆ ತುಂಬ ಇಷ್ಟವಾದದ್ದು ಪದದ ಹೊಟ್ಟೆಯೊಳಗಿರುವ ಒಂದು ಗುಟ್ಟು. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು.

*ಮೆದ್ವೇದಿಯಲ್ಲಿ ಎರಡು ದಕಾರ ಇವೆ. ನೋಡಲು ಎರಡೂ ಒಂದೇ. ಆದರೆ ಸಂಸ್ಕೃತದ ಜೊತೆ ಇಟ್ಟು ನೋಡಿ: ಮಧುವಿನದ್ದು ಮಹಾಪ್ರಾಣ ಧ, ಅದ್ ಧಾತುವಿನದ್ದು ಅಲ್ಪಪ್ರಾಣ ದ. ತಾತನ ಭಾಷೆಯಲ್ಲಿ ಇವೆರಡೂ ಬೇರೆ ಇದ್ದವು. ಸ್ಲಾವ್ ಭಾಷೆಗಳು ಮಹಾಪ್ರಾಣವನ್ನು ಕೈಬಿಟ್ಟವು. ನಮ್ಮ ಆಡುಮಾತಿನಲ್ಲೂ ಅದೇ ಕಥೆ. ಧನ, ದನ ಎರಡನ್ನೂ ‘ದನ’ ಅನ್ನುವವರೇ ಜಾಸ್ತಿ. ಹೀಗೆ ಎರಡು ಒಂದಾಗಿಬಿಟ್ಟರೆ, ಹಿಂದೆ ಯಾವುದು ಧ ಆಗಿತ್ತು, ಯಾವುದು ದ ಆಗಿತ್ತು ಅಂತ ಪತ್ತೆ ಹಚ್ಚುವ ದಾರಿ ಮುಚ್ಚಿಹೋಗಬೇಕು.

ಮುಚ್ಚಿಹೋಗಲಿಲ್ಲ. 1970ರ ದಶಕದಲ್ಲಿ ವೆರ್ನರ್ ವಿಂಟರ್ ಅನ್ನುವ ಭಾಷಾವಿಜ್ಞಾನಿ ಒಂದು ವಿಷಯ ಗಮನಿಸಿದ. ಸ್ಲಾವ್ ಭಾಷೆಗಳಲ್ಲಿ ಮತ್ತು ಲಿಥುವೇನಿಯನ್, ಲಾಟ್ವಿಯನ್ ಥರದ ಬಾಲ್ಟಿಕ್ ಭಾಷೆಗಳಲ್ಲಿ ಹಳೇ ಅಲ್ಪಪ್ರಾಣ ದಕಾರದ ಹಿಂದಿನ ಸ್ವರ ಉದ್ದವಾಗಿದೆ. ಹಳೇ ಮಹಾಪ್ರಾಣ ಧಕಾರದ ಹಿಂದಿನ ಸ್ವರ ಗಿಡ್ಡವಾಗಿಯೇ ಉಳಿದಿದೆ. ಸದನ, ಸಭಾಸದ ಅನ್ನುವಲ್ಲಿರುವ ಸದ್ ಅಂದರೆ ಕೂರು. ಅದು ಮೂಲ ಸ್ಲಾವಿಕ್‌ನಲ್ಲಿ ದೀರ್ಘ ಸ್ವರದ ಸೇದ್. ಆದರೆ ಮಧ್ಯ ಅನ್ನುವ ಪದದ ಸ್ಲಾವ್ ದಾಯಾದಿಯಲ್ಲಿ ಸ್ವರ ಹ್ರಸ್ವ, ಯಾಕೆಂದರೆ ಅಲ್ಲಿ ಧ ಇತ್ತು. ಇದನ್ನು ಈಗ ವಿಂಟರ್ ನಿಯಮ ಅನ್ನುತ್ತಾರೆ. ಹೊಂದದ ಪದಗಳೂ ಕೆಲವಿವೆ, ಅವುಗಳ ಮೇಲೆ ಜಗಳ ಇನ್ನೂ ನಡೆದೇ ಇದೆ.

ಈಗ ಕರಡಿಯ ಹತ್ತಿರ ಬನ್ನಿ. ಮೆ-ದ್, ಗಿಡ್ಡ ಸ್ವರ: ಇಲ್ಲೊಂದು ಧ ಇತ್ತು. ವೇ-ದ್, ಉದ್ದ ಸ್ವರ: ಇಲ್ಲೊಂದು ದ ಇತ್ತು. ಎರಡು ಅಕ್ಷರದ ಅಂತರದಲ್ಲಿ ಎರಡೂ ಸಾಕ್ಷಿ ಸಿಗುತ್ತವೆ. ಮಹಾಪ್ರಾಣ ಎದ್ದು ಹೋಗಿದೆ, ಅದು ಕೂತ ಜಾಗ ಮಾತ್ರ ಇನ್ನೂ ಬೆಚ್ಚಗಿದೆ.

ಇಷ್ಟೆಲ್ಲ ಆದ ಮೇಲೆ ಒಂದು ಸಾದಾ ಪ್ರಶ್ನೆ ಉಳಿಯುತ್ತದೆ. ಕರಡಿಗೆ ಕರಡಿ ಅನ್ನದೆ ‘ಜೇನು ತಿನ್ನುವವನು’ ಅಂತ ಸುತ್ತಿ ಬಳಸಿ ಯಾಕೆ ಹೇಳಬೇಕಿತ್ತು?

ತಾತನ ಭಾಷೆಯಲ್ಲಿ ಕರಡಿಗೆ ನೇರವಾದ ಹೆಸರೇ ಇತ್ತು. ಸಂಸ್ಕೃತದಲ್ಲಿ ಅದು ಋಕ್ಷ. ಜಾಂಬವಂತ ಋಕ್ಷರಾಜ ಅಂತ ಕೇಳಿರುತ್ತೀರಿ. ಗ್ರೀಕಿನಲ್ಲಿ ಆರ್ಕ್ತೊಸ್, ಲ್ಯಾಟಿನ್ನಿನಲ್ಲಿ ಉರ್ಸುಸ್, ವೆಲ್ಷ್ ಭಾಷೆಯಲ್ಲಿ ಆರ್ಥ್, ಮಣ್ಣಿನ ಹಲಗೆಗಳಲ್ಲಷ್ಟೇ ಉಳಿದಿರುವ ಸತ್ತ ಭಾಷೆ ಹಿಟ್ಟೈಟ್‌ನಲ್ಲಿ ಹರ್ತಗ್ಗ. ಉತ್ತರ ಧ್ರುವದ ಆರ್ಕ್ಟಿಕ್ ಕೂಡ ಈ ಗ್ರೀಕ್ ಕರಡಿಯದೇ ಹೆಸರು, ಕರಡಿ ನಕ್ಷತ್ರಪುಂಜದ ಕೆಳಗಿನ ನಾಡು ಅನ್ನುವ ಅರ್ಥದಲ್ಲಿ. ಆ ಪುಂಜದ ಏಳು ನಕ್ಷತ್ರ ನಮಗೆ ಸಪ್ತರ್ಷಿ. ಆದರೆ ಸಪ್ತರ್ಷಿಗಳನ್ನು ಮುಂಚೆ ಋಕ್ಷ ಅನ್ನುತ್ತಿದ್ದರು ಅಂತ ಶತಪಥ ಬ್ರಾಹ್ಮಣ ಹೇಳುತ್ತದೆ.

ಇಲ್ಲೆಲ್ಲ ಉಳಿದ ಈ ಹೆಸರು ಚಳಿ ಕಾಡಿನಲ್ಲಿ ಕಾಣೆಯಾಗಿದೆ. ಸ್ಲಾವ್ ಭಾಷೆಗಳಲ್ಲಿ ಇಲ್ಲ, ಬಾಲ್ಟಿಕ್‌ನಲ್ಲಿ ಇಲ್ಲ, ಜರ್ಮನ್-ಇಂಗ್ಲಿಷ್ ಬಳಗದಲ್ಲೂ ಇಲ್ಲ. ಇಂಗ್ಲಿಷಿನ ಬೇರ್ ಅಂದರೆ ‘ಕಂದು ಬಣ್ಣದವನು’ ಅಂತ ಕೆಲವರು, ‘ಕಾಡುಮೃಗ’ ಅಂತ ಕೆಲವರು. ಎರಡರಲ್ಲಿ ಯಾವುದಾದರೂ ಅದು ನೇರ ಹೆಸರಲ್ಲ. ಕರಡಿ ದಿನಾ ಎದುರಾಗುವ ಕಡೆಯಲ್ಲೇ ಕರಡಿಯ ಹೆಸರು ಮಾಯ. 1906ರಲ್ಲಿ ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ ಇದಕ್ಕೆ ಒಂದು ಕಾರಣ ಕೊಟ್ಟ: ಹೆಸರು ಹಿಡಿದರೆ ಬಂದುಬಿಡುತ್ತದೆ ಅನ್ನುವ ಹೆದರಿಕೆ. ಬೇಟೆಗೆ ಹೋಗುವವರು ಹೆಸರು ಬಾಯಿಗೆ ತರದೆ ಗುಣ ಹೇಳಿ ಕರೆದರು, ಕೊನೆಗೆ ಗುಣವೇ ಹೆಸರಾಯಿತು.

ಹೀಗೇ ಆಯಿತು ಅಂತ ಬೇಟೆಗಾರರು ಯಾರೂ ಬರೆದಿಟ್ಟಿಲ್ಲ. ಇದು ಊಹೆಯೇ. ಆದರೆ ಅಕ್ಕಪಕ್ಕದವರನ್ನು ನೋಡಿದರೆ ನಂಬಿಕೆ ಬರುತ್ತದೆ. ಫಿನ್‌ಲೆಂಡಿನವರು ಕರಡಿಯನ್ನು ಮೆಸಿಕ್ಯಾಮ್ಮೆನ್ ಅಂತಲೂ ಕರೆಯುತ್ತಾರೆ, ಅಂದರೆ ಜೇನು ಅಂಗೈಯವನು. ಸೈಬೀರಿಯಾದ ಎವೆಂಕಿ ಜನ ಅದನ್ನು ಅಜ್ಜ ಅನ್ನುತ್ತಾರೆ. ಅಷ್ಟು ದೂರ ಯಾಕೆ, ಕತ್ತಲಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹಾವಿಗೆ ಹಾವು ಅನ್ನುತ್ತಾರಾ? ‘ಹುಳ’ ಅನ್ನುತ್ತಾರೆ. ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ಬೈಸಿಕೊಳ್ಳಬೇಕು, ‘ಬರ್ತೀನಿ’ ಅನ್ನಬೇಕು. ಸಾವಿರ ವರ್ಷ ಹೀಗೆ ನಡೆದರೆ ಹಾವು ಅನ್ನುವ ಪದ ಮರೆತು ಹುಳ ಅನ್ನುವುದೇ ನಿಜವಾದ ಹೆಸರಾಗಬಹುದು. ಸ್ಲಾವ್ ಕಾಡಿನಲ್ಲಿ ಆದದ್ದು ಅದೇ ಇರಬೇಕು.

ಹಳೇ ಹೆಸರು ಪೂರ್ತಿ ಅಳಿಸಿಹೋಯಿತೇ? ಲಿಥುವೇನಿಯನ್ ಭಾಷೆಯಲ್ಲಿ ಕರಡಿಯ ಗುಹೆಗೆ ಇರ್ಷ್ಟ್ವ ಅನ್ನುವ ಪದ ಇದೆ. ಋಕ್ಷದ ಬೇರು ಅದರಲ್ಲಿ ಉಳಿದಿದೆ ಅಂತ ಕೆಲವು ವಿದ್ವಾಂಸರ ಲೆಕ್ಕ. ಯಜಮಾನ ಕಾಣೆಯಾಗಿದ್ದಾನೆ, ಮನೆ ಅವನ ಹೆಸರಿನಲ್ಲೇ ಇದೆ!

ಗುಹೆಯ ಮಾತು ಬಂದದ್ದಕ್ಕೆ ಒಂದು ಸುಳ್ಳನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ರಷ್ಯನ್ನಿನಲ್ಲಿ ಕರಡಿಯ ಗುಹೆಗೆ ಬೆರ್ಲೋಗ ಅನ್ನುತ್ತಾರೆ. ಕರಡಿಯ ನಿಜವಾದ ಸ್ಲಾವ್ ಹೆಸರು ‘ಬೆರ್’, ಅದು ಈ ಬೆರ್ಲೋಗದಲ್ಲಿ ಅಡಗಿದೆ, ಜರ್ಮನ್ನರ ಬೇರ್ ಕೂಡ ಅದೇ ಅಂತ ಇಂಟರ್ನೆಟ್ ತುಂಬ ಓಡಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪೋಲೆಂಡಿನಲ್ಲಿ ಇದೇ ಪದಕ್ಕೆ ಹುಲ್ಲು ಹಾಸಿದ ಕೊಳಕು ಹಾಸಿಗೆ ಅನ್ನುವ ಅರ್ಥ. ಚೆಕ್‌ನಲ್ಲಿ ಯಾವ ಪ್ರಾಣಿಯ ಬಿಲವಾದರೂ ನಡೆಯುತ್ತದೆ. ಎಲ್ಲೂ ಕರಡಿಯ ವಾಸನೆ ಇಲ್ಲ.

ಇನ್ನೊಂದು ಜನಪ್ರಿಯ ವಿವರಣೆ: ಮೆದ್ವೇದ್ ಅಂದರೆ ‘ಜೇನು ಬಲ್ಲವನು’. ಸ್ಲಾವ್ ಭಾಷೆಗಳಲ್ಲಿ ವೇದ್ ಅಂದರೆ ತಿಳಿ. ನಮ್ಮ ವೇದದ ದಾಯಾದಿ. ಜೇನು ಎಲ್ಲಿದೆ ಅಂತ ಕರಡಿಗಿಂತ ಚೆನ್ನಾಗಿ ಬಲ್ಲವರು ಯಾರು ಅಂತ ರಷ್ಯನ್ನರು ತಲೆದೂಗುತ್ತಾರೆ. ಉಕ್ರೇನಿಯನ್ನಿನ ವೆದ್ಮೀದ್ ಕೇಳಿದರಂತೂ ಹಾಗೇ ಅನಿಸುತ್ತದೆ. ಆದರೆ ಆ ವಕಾರ ಉಕಾರದಿಂದ ಬಂದದ್ದು ಅಂತ ಆಗಲೇ ನೋಡಿದೆವಲ್ಲ. ಸಂಧಿ ಬಿಡಿಸಲು ಮರೆತವರಿಗೆ ಹೀಗಾಗುತ್ತದೆ. ಕಾಕತಾಳೀಯ ಅಂದರೆ, ಕಠೋಪನಿಷತ್ತಿನ ಆ ಸಾಲಿನಲ್ಲಿ ‘ಮಧ್ವದಂ ವೇದ’ ಅಂತಲೇ ಇದೆ. ತಿನ್ನುವವನೂ ಬಲ್ಲವನೂ ಅಲ್ಲಿ ಅಕ್ಕಪಕ್ಕ ನಿಂತಿದ್ದಾರೆ.

ಜೇನಿನ ಆ ಪದ ಮಾತ್ರ ಎಲ್ಲಿಗೆ ಬೇಕಾದರೂ ಹೋಗಿದೆ. ಇಂಗ್ಲಿಷಿನ ಮೀಡ್, ಅಂದರೆ ಜೇನಿನ ಹೆಂಡ, ಅದೇ. ಚೀನೀ ಭಾಷೆಯ ಮಿ ಕೂಡ ತೊಖಾರಿಯನ್ ಅನ್ನುವ ಸತ್ತ ಭಾಷೆಯಿಂದ ಹೋದ ಮಧುವೇ. ಹಂಗೇರಿಯವರ ಕಥೆ ಬೇರೆ. ಅವರ ಭಾಷೆ ಈ ಬಳಗದ್ದೇ ಅಲ್ಲ. ಆದರೆ ಜೇನಿಗೆ ಮೇಜ್ ಅನ್ನುತ್ತಾರೆ. ಅದು ಸಾವಿರಾರು ವರ್ಷದ ಹಿಂದೆ ಅವರ ಪೂರ್ವಜರು ಪಡೆದ ಸಾಲ. ಆಮೇಲೆ ಈಗಿನ ಹಂಗೇರಿಗೆ ಬಂದು ನೆಲೆಸಿದಾಗ ಪಕ್ಕದ ಸ್ಲಾವ್ ಜನರಿಂದ ಕರಡಿಯ ಹೆಸರನ್ನೂ ಪಡೆದರು, ಮೆದ್ವೆ. ಒಂದೇ ಮಧುವನ್ನು ಎರಡು ಸಲ ಸಾಲ ತಂದಿದ್ದಾರೆ, ಬೇರೆ ಬೇರೆ ಮನೆಯಿಂದ.

ಮುಚ್ಚಿಡುವ ಹೆಸರಿಗೆ ಒಂದು ತೊಂದರೆ ಇದೆ. ಬಳಸಿ ಬಳಸಿ ಅದೇ ನಿಜವಾದ ಹೆಸರಾಗಿಬಿಡುತ್ತದೆ. ಆಗ ಅದನ್ನು ಮುಚ್ಚಲು ಇನ್ನೊಂದು ಬೇಕು. ಕಕ್ಕಸು ಹೋಗಿ ಟಾಯ್ಲೆಟ್, ಅದೂ ಸರಿ ಇಲ್ಲ ಅಂತ ವಾಶ್‌ರೂಮ್, ಈಗ ರೆಸ್ಟ್‌ರೂಮ್. ಬಲ್ಗೇರಿಯಾದಲ್ಲಿ ಜೇನು ತಿನ್ನುವವನೂ ಬದಿಗೆ ಸರಿದಿದ್ದಾನೆ. ಅಲ್ಲಿ ಕರಡಿಗೆ ಮೆಚ್ಕಾ. ಇದು ಎಲ್ಲಿಂದ ಬಂತು ಅನ್ನುವುದರಲ್ಲಿ ಒಮ್ಮತ ಇಲ್ಲ, ಮುದ್ದಿಗೆ ಮೊಟಕು ಮಾಡಿದ ಹೆಸರಿನ ಹಾಗಂತೂ ಕೇಳಿಸುತ್ತದೆ. ನವೆಂಬರ್ 30 ಅಲ್ಲಿ ಸಂತ ಆಂಡ್ರೂ ಹಬ್ಬ. ಅದಕ್ಕೆ ಮೆಚ್ಕಿನ್‌ದೆನ್, ಅಂದರೆ ಕರಡಿ ದಿನ ಅಂತಲೂ ಹೆಸರು. ಆವತ್ತು ಮುಸುಕಿನ ಜೋಳ, ಕಾಳು ಬೇಯಿಸಿ ಒಂದು ಹಿಡಿಯನ್ನು ಹೊಗೆಗೂಡಿನೊಳಗೆ ಮೇಲಕ್ಕೆ ಎಸೆಯುತ್ತಾರೆ. ತಗೋ ಮೆಚ್ಕಾ, ಬೇಯಿಸಿದ್ದು ತಿನ್ನು, ಹೊಲದಲ್ಲಿ ಹಸಿಯದನ್ನು ತಿನ್ನಬೇಡ ಅಂತ.

ರಷ್ಯಾದಲ್ಲಿ ಮೆದ್ವೇದ್ ಉಳಿದಿದೆ. ಸಪ್ತರ್ಷಿಮಂಡಲಕ್ಕೆ ಅವರು ದೊಡ್ಡ ಮೆದ್ವೇದಿತ್ಸಾ, ಹೆಣ್ಣು ಕರಡಿ ಅನ್ನುತ್ತಾರೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ನಾವು ಹೇಳುವ ಕಡೆ ಅವರು ‘ಕೊಲ್ಲದ ಕರಡಿಯ ಚರ್ಮ ಪಾಲು ಮಾಡಿಕೊಂಡರು’ ಅನ್ನುತ್ತಾರೆ. ಆದರೆ ಮುಚ್ಚಿಡುವ ಚಾಳಿ ಹೋಗಿಲ್ಲ. ಮಕ್ಕಳ ಕಥೆಗಳಲ್ಲಿ ಕರಡಿ ಮಿಖಾಯಿಲ್ ಪೊಟಾಪಿಚ್, ಮರ್ಯಾದಸ್ಥ ಹಿರಿಯರನ್ನು ಕರೆಯುವ ಹಾಗೆ ಅಪ್ಪನ ಹೆಸರು ಸೇರಿಸಿ. ಬೇಟೆಗಾರರ ಬಾಯಲ್ಲಿ ‘ಯಜಮಾನ’. ಮನೆಮಂದಿಗೆ ಮಿಶಾ.

1980ರ ಮಾಸ್ಕೋ ಒಲಿಂಪಿಕ್ಸ್‌ನ ಲಾಂಛನ ಒಂದು ಕರಡಿಮರಿ. ಆಗಸ್ಟ್ 3ರಂದು ಮುಕ್ತಾಯ ಸಮಾರಂಭದಲ್ಲಿ ಅದರ ದೊಡ್ಡ ಗೊಂಬೆಗೆ ಬಲೂನು ಕಟ್ಟಿ ಸ್ಟೇಡಿಯಮ್ಮಿನಿಂದ ಮೇಲಕ್ಕೆ ಬಿಟ್ಟರು. ಕೂತಿದ್ದ ಜನ ಕಣ್ಣೀರು ಹಾಕಿಕೊಂಡು ಅದಕ್ಕೆ ವಿದಾಯ ಹೇಳಿದರು. ಆ ಗೊಂಬೆಗೂ ಇಟ್ಟಿದ್ದ ಹೆಸರು ಮೆದ್ವೇದ್ ಅಲ್ಲ, ಮಿಶಾ.